ವರ್ತನೆ ಕೆಡದ ಪುನಾರಚನೆ: ವಸ್ತುಕೇಂದ್ರಿತ ತಂತ್ರಾಂಶ ಮತ್ತು ದತ್ತಾಂಶ ನಿರೂಪಣೆಯ ಚರಿತ್ರೆ

ಗಣಕ ತಂತ್ರಾಂಶದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೊಸ ನಿರ್ಮಾಣಗಳ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಭಾಷೆ ಯಾವ ವರ್ಷ ಹುಟ್ಟಿತು, ಯಾವ ಯಂತ್ರದ ಮೇಲೆ ಯಾವ ವ್ಯವಸ್ಥೆ ಮೊದಲು ನಡೆಯಿತು ಎಂಬ ವಿವರಗಳು ಸಮೃದ್ಧವಾಗಿ ದೊರೆಯುತ್ತವೆ. ಒಮ್ಮೆ ಕಟ್ಟಿದ ತಂತ್ರಾಂಶವನ್ನು ಹತ್ತಾರು ವರ್ಷ ಬಾಳಿಸಿದ, ಒಳಗಿನ ತೊಲೆ ಕಂಬಗಳನ್ನು ಬದಲಾಯಿಸುತ್ತಲೇ ಮನೆಮಂದಿಯ ವಾಸಕ್ಕೆ ತೊಡಕಾಗದಂತೆ ನೋಡಿಕೊಂಡ ದುಡಿಮೆಯ ಚರಿತ್ರೆ ಮಾತ್ರ ವಿರಳವಾಗಿದೆ. ತಂತ್ರಾಂಶಕ್ಕೆ ತಗಲುವ ಒಟ್ಟು ಶ್ರಮದಲ್ಲಿ ದೊಡ್ಡ ಪಾಲು ಮೊದಲ ನಿರ್ಮಾಣದ ಅನಂತರವೇ ವ್ಯಯವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಸಂಗತಿಯಾದ್ದರಿಂದ ಈ ಕೊರತೆಯನ್ನು ಸಣ್ಣದೆಂದು ತಳ್ಳಿಹಾಕಲಾಗದು.

ಹೊರಗಿನ ವರ್ತನೆಯನ್ನು ಹಾಗೆಯೇ ಉಳಿಸಿಕೊಂಡು ಒಳರಚನೆಯನ್ನು ಮಾತ್ರ ಸುಧಾರಿಸುವ ಈ ಕ್ರಿಯೆಗೆ 1990ರ ದಶಕದಿಂದ ರಿಫ್ಯಾಕ್ಟರಿಂಗ್ ಎಂಬ ಹೆಸರು ರೂಢಿಗೆ ಬಂದಿದೆ. ಈ ಪ್ರಬಂಧದಲ್ಲಿ ಅದನ್ನು ಪುನಾರಚನೆ ಎಂದು ಕರೆಯಲಾಗಿದೆ. ಈ ಪರಂಪರೆಯನ್ನು ಹೆಚ್ಚಾಗಿ ಕ್ರಮವಿಧಿಯ ಪಠ್ಯವನ್ನು ಒಪ್ಪಗೊಳಿಸಿದ ಕಥೆಯಾಗಿ ಹೇಳುವುದುಂಟು. ಅದರೊಡನೆ ಹೆಣೆದುಕೊಂಡಿರುವ ಇನ್ನೊಂದು ಎಳೆ, ಅಂದರೆ ದತ್ತಾಂಶವನ್ನು ಯಾವ ರೂಪದಲ್ಲಿ ಇರಿಸಲಾಗಿದೆಯೋ ಆ ರೂಪವನ್ನೇ ಬದಲಾಯಿಸುವ ಕಾರ್ಯ, ಇದಕ್ಕಿಂತ ಹಳೆಯದು; ಹೆಚ್ಚು ಕಠಿಣವಾದದ್ದೂ ಹೌದು. ಎರಡು ಎಳೆಗಳಲ್ಲಿಯೂ ಕಟ್ಟಕಡೆಗೆ ಎದುರಾಗುವ ಪ್ರಶ್ನೆ ಒಂದೇ: ‘ವರ್ತನೆ ಬದಲಾಗಿಲ್ಲ’ ಎಂದು ಹೇಳಲು ಆಧಾರವೇನು? ಬೇರೆ ಬೇರೆ ಕಾಲದ ವಿದ್ವಾಂಸರು ಇದಕ್ಕೆ ಬೇರೆ ಬೇರೆ ಉತ್ತರಗಳನ್ನಿತ್ತಿದ್ದಾರೆ. ಆ ಉತ್ತರಗಳ ನಡುವಣ ಅಂತರವೇ ಇಲ್ಲಿನ ವಿವೇಚನೆಯ ವಸ್ತು.

ಪೂರ್ವಪೀಠಿಕೆ: 1967–1977

ವಸ್ತುಕೇಂದ್ರಿತ ಕ್ರಮವಿಧಿ ರಚನೆಯ ಮೂಲ ನಾರ್ವೆಯಲ್ಲಿದೆ. ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೀಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ ವರ್ಗ, ವಸ್ತು, ಆನುವಂಶಿಕತೆ ಎಂಬ ಪರಿಕಲ್ಪನೆಗಳು ಮೊದಲಿಗೆ ಒಂದೆಡೆ ಕೂಡಿಬಂದವು. ದತ್ತಾಂಶವನ್ನೂ ಅದರ ಮೇಲೆ ನಡೆಸಬಹುದಾದ ಕ್ರಿಯೆಗಳನ್ನೂ ಒಂದೇ ಆವರಣದಲ್ಲಿ ಇರಿಸುವುದು ಇದರ ತಿರುಳು. ಆವರಣವೊಂದು ಏರ್ಪಟ್ಟ ಮೇಲೆ ಅದರ ಒಳಗು ಯಾವುದು, ಹೊರಗು ಯಾವುದು ಎಂಬ ಭೇದ ತಾನಾಗಿಯೇ ಮೂಡುತ್ತದೆ.

ಈ ಭೇದದ ಬೆಲೆಯನ್ನು ಸ್ಪಷ್ಟವಾಗಿ ಕಾಣಿಸಿದ ಎರಡು ಲೇಖನಗಳು 1972ರಲ್ಲಿ ಪ್ರಕಟವಾದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪಾರ್ನಾಸ್, ಗ್ರಂಥಾಲಯಗಳಿಗೆ ಪರಿಚಿತವಾದ ಪದಸೂಚಿಯನ್ನು ತಯಾರಿಸುವ ಸಣ್ಣ ವ್ಯವಸ್ಥೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಂಡು ಅದನ್ನು ಎರಡು ಬಗೆಯಲ್ಲಿ ವಿಭಜಿಸಿ ತೋರಿಸಿದರು. ಮೊದಲ ಬಗೆಯದು ಅಂದಿನ ವಾಡಿಕೆಯಂತೆ ಕೆಲಸದ ಹಂತಗಳನ್ನು ಅನುಸರಿಸಿದ್ದು. ಅದರಲ್ಲಿ ಸ್ಮೃತಿಯ ಒಂದೊಂದು ಪದದಲ್ಲಿ ನಾಲ್ಕು ನಾಲ್ಕು ಅಕ್ಷರಗಳನ್ನು ಅಡಕವಾಗಿ ತುಂಬಲಾಗಿದೆ ಎಂಬ ಸಂಗತಿ ಎಲ್ಲ ವಿಭಾಗಗಳಿಗೂ ತಿಳಿದಿರಬೇಕಾಗಿತ್ತು. ಆ ಏರ್ಪಾಟನ್ನು ಬದಲಿಸಿದರೆ ಎಲ್ಲವನ್ನೂ ಬದಲಿಸಬೇಕಾಗುತ್ತಿತ್ತು. ಎರಡನೆಯ ಬಗೆಯಲ್ಲಿ ಸಾಲುಗಳನ್ನು ಕಾಪಿಡುವ ಒಂದೇ ವಿಭಾಗಕ್ಕೆ ಆ ಗುಟ್ಟು ಸೀಮಿತವಾಗಿತ್ತು. ಎರಡೂ ವ್ಯವಸ್ಥೆಗಳು ಹೊರಡಿಸುವ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಬದಲಾವಣೆ ಬಂದಾಗ ಯಾವುದು ಎಷ್ಟು ನರಳುತ್ತದೆ ಎಂಬುದರಲ್ಲಷ್ಟೇ ಅವು ಬೇರೆಯಾಗುತ್ತವೆ. ಪುನಾರಚನೆಯ ಮೌಲ್ಯ ಫಲಿತಾಂಶದಲ್ಲಿ ಗೋಚರಿಸದೆ ಮುಂದಿನ ದಿನಗಳಲ್ಲಿ ಗೋಚರಿಸುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಈಗಲೂ ಸಿಗುವುದು ಕಷ್ಟ.

ಅದೇ ವರ್ಷ ಟೋನಿ ಹೋರ್ ‘ಆಕ್ಟಾ ಇನ್ಫರ್ಮ್ಯಾಟಿಕಾ’ ಪತ್ರಿಕೆಯಲ್ಲಿ ದತ್ತಾಂಶ ನಿರೂಪಣೆಯ ಸರಿತನವನ್ನು ಸಾಧಿಸುವ ಕ್ರಮವನ್ನು ಮಂಡಿಸಿದರು. ಪೂರ್ಣಾಂಕಗಳ ಒಂದು ಚಿಕ್ಕ ಗಣವನ್ನು ಗಣಕದಲ್ಲಿ ಸಾಲುಪಟ್ಟಿಯಾಗಿ ಇರಿಸಿದ್ದೇವೆಂದು ಭಾವಿಸಬೇಕು. ಗಣಿತದ ಗಣಕ್ಕೆ ಅನುಕ್ರಮವೆಂಬುದಿಲ್ಲ, ಪಟ್ಟಿಗೆ ಇದೆ. ಹೀಗಾಗಿ ಒಂದೇ ಗಣಕ್ಕೆ ಹಲವು ಪಟ್ಟಿಗಳು ಪ್ರತಿನಿಧಿಗಳಾಗಬಲ್ಲವು. ಪ್ರತಿಯೊಂದು ಮೂರ್ತ ಪಟ್ಟಿಯಿಂದ ಅದು ಸೂಚಿಸುವ ಅಮೂರ್ತ ಗಣಕ್ಕೆ ಒಯ್ಯುವ ಉತ್ಪನ್ನವೊಂದನ್ನು ಹೇಳಬೇಕು. ‘ಪಟ್ಟಿಯಲ್ಲಿ ಯಾವ ಸಂಖ್ಯೆಯೂ ಎರಡು ಬಾರಿ ಬರದು’ ಎಂಬಂಥ ಅಚಲ ನಿಯಮವೊಂದನ್ನು ಹೇಳಬೇಕು. ಪ್ರತಿ ಕ್ರಿಯೆಯೂ ಆ ನಿಯಮವನ್ನು ಕಾಯುತ್ತದೆ, ಅಮೂರ್ತದ ಮಟ್ಟದಲ್ಲಿ ತಾನು ಮಾಡಬೇಕಾದುದನ್ನೇ ಮಾಡುತ್ತದೆ ಎಂದು ಸಾಧಿಸಬೇಕು. ಇಷ್ಟಾದರೆ ಪಟ್ಟಿಯನ್ನು ಕಿತ್ತು ಅದರ ಜಾಗದಲ್ಲಿ ಮರದಾಕಾರದ ರಚನೆಯನ್ನು ಕೂಡಿಸಿದರೂ ಬಳಕೆದಾರನಿಗೆ ತಿಳಿಯದು. ಹೋರ್ ತಮ್ಮ ವಾದಕ್ಕೆ ಸಿಮ್ಯುಲಾದ ವರ್ಗವನ್ನೇ ಮಾದರಿಯಾಗಿ ಬಳಸಿದರೆಂಬುದು ಗಮನಾರ್ಹ. ವಸ್ತುಕೇಂದ್ರಿತ ಕ್ರಮವಿಧಿಯಲ್ಲಿ ನಿರೂಪಣೆಯನ್ನು ಬದಲಿಸುವ ಶಾಸ್ತ್ರಕ್ಕೆ ತಳಪಾಯ ಬಿದ್ದದ್ದು ಇಲ್ಲಿ ಎನ್ನಬಹುದು.

ರಾಡ್ ಬರ್ಸ್ಟಾಲ್ ಮತ್ತು ಜಾನ್ ಡಾರ್ಲಿಂಗ್ಟನ್ 1977ರಲ್ಲಿ ಪ್ರಕಟಿಸಿದ ಲೇಖನ ಇದೇ ದಾರಿಯ ಮತ್ತೊಂದು ಮೈಲಿಗಲ್ಲು. ಸ್ಪಷ್ಟವಾದರೂ ನಿಧಾನವಾದ ಕ್ರಮವಿಧಿಯೊಂದನ್ನು ಬೆರಳೆಣಿಕೆಯ ನಿಯಮಗಳ ಮೂಲಕ ಹೆಜ್ಜೆ ಹೆಜ್ಜೆಯಾಗಿ ಮಾರ್ಪಡಿಸುತ್ತ ವೇಗದ ಕ್ರಮವಿಧಿಯನ್ನು ಪಡೆಯುವ ವಿಧಾನ ಅವರದು. ಗುರಿ ಬೇರೆಯಾದರೂ, ಸಣ್ಣ ಸಣ್ಣ ಸುರಕ್ಷಿತ ಹೆಜ್ಜೆಗಳನ್ನು ಪೋಣಿಸಿ ದೊಡ್ಡ ಬದಲಾವಣೆಯನ್ನು ಸಾಧಿಸುವ ಬಗೆ ಮುಂದಿನವರಿಗೆ ದಾರಿದೀಪವಾಯಿತು.

ಇವೆಲ್ಲ ವಿದ್ಯಾಲಯಗಳ ಶುದ್ಧ ಚಿಂತನೆಗಳು. ಉದ್ಯಮದ ಕಡೆಯಿಂದ ಬಂದ ಎಚ್ಚರಿಕೆಯ ದನಿ ಮ್ಯಾನಿ ಲೇಮನ್ ಅವರದು. ಐಬಿಎಂನ ಓಎಸ್/360 ವ್ಯವಸ್ಥೆಯ ಸತತ ಆವೃತ್ತಿಗಳನ್ನು ಲೆಸ್ ಬೆಲಾಡಿಯವರೊಡನೆ ಅಧ್ಯಯನ ಮಾಡಿದ ಅವರು, ಬಳಕೆಯಲ್ಲಿರುವ ತಂತ್ರಾಂಶ ಬದಲಾಗುತ್ತಲೇ ಇರಬೇಕು, ಬದಲಾದಂತೆ ಅದರ ಜಟಿಲತೆ ಹೆಚ್ಚುತ್ತದೆ, ಅದನ್ನು ತಗ್ಗಿಸಲು ಪ್ರತ್ಯೇಕ ಶ್ರಮ ಬೇಕು ಎಂಬ ನಿಯಮಗಳನ್ನು 1970ರ ದಶಕದ ನಡುವಿನಿಂದ ಪ್ರತಿಪಾದಿಸಿದರು. ಆ ‘ಪ್ರತ್ಯೇಕ ಶ್ರಮ’ಕ್ಕೆ ಆಗ ಹೆಸರಿರಲಿಲ್ಲ.

ಇಲಿನಾಯ್ ಶಾಲೆ

ಹೆಸರು ಬಂದದ್ದು ಸ್ಮಾಲ್‌ಟಾಕ್ ಭಾಷೆಯನ್ನು ಬಳಸುತ್ತಿದ್ದವರ ನಡುವಿನಿಂದ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಬೆಳೆಸಿದ ಆ ಭಾಷೆಯಲ್ಲಿ ಎಲ್ಲವೂ ವಸ್ತುವೇ; ವ್ಯವಸ್ಥೆ ನಡೆಯುತ್ತಿರುವಾಗಲೇ ಅದರ ಯಾವ ಭಾಗವನ್ನಾದರೂ ತೆರೆದು ತಿದ್ದಬಹುದು. ತಿದ್ದುವುದು ಅಷ್ಟು ಸುಲಭವಾಗಿದ್ದ ಕಡೆ ತಿದ್ದುವ ಕಲೆಯೂ ಬೆಳೆದದ್ದು ಸಹಜ. ಬೀಜಗಣಿತದಲ್ಲಿ ಸಮಾನ ಅಪವರ್ತನವನ್ನು ಹೊರತೆಗೆಯುವಂತೆ ಕ್ರಮವಿಧಿಯಲ್ಲಿ ಮರುಕಳಿಸುವ ಅಂಶವನ್ನು ಬೇರ್ಪಡಿಸುವುದಕ್ಕೆ ‘ಫ್ಯಾಕ್ಟರಿಂಗ್’ ಎಂಬ ಮಾತು ಫೋರ್ತ್ ಭಾಷೆಯವರಲ್ಲಿ ಮೊದಲೇ ಇತ್ತು. 1984ರಲ್ಲಿ ಹೊರಬಂದ ಲಿಯೊ ಬ್ರೋಡಿಯವರ ಗ್ರಂಥದಲ್ಲಿ ಅದರ ಸವಿಸ್ತಾರ ಚರ್ಚೆಯಿದೆ.

ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯದ ರಾಲ್ಫ್ ಜಾನ್ಸನ್, ಬ್ರಯನ್ ಫೂಟ್ ಅವರೊಡನೆ 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮರುಬಳಕೆಗೆ ಯೋಗ್ಯವಾದ ವರ್ಗಗಳು ಮೊದಲ ಪ್ರಯತ್ನದಲ್ಲಿಯೇ ಹುಟ್ಟುವುದಿಲ್ಲ, ಅನುಭವದಿಂದ ಮತ್ತೆ ಮತ್ತೆ ತಿದ್ದಿದಾಗ ರೂಪುಗೊಳ್ಳುತ್ತವೆ ಎಂಬ ನಿಲುವನ್ನು ತಳೆದರು. ಅವರ ಶಿಷ್ಯ ವಿಲಿಯಂ ಆಪ್‌ಡೈಕ್ ಈ ತಿದ್ದುವಿಕೆಯನ್ನೇ ಸಂಶೋಧನೆಯ ವಸ್ತುವಾಗಿಸಿಕೊಂಡರು. 1990ರಲ್ಲಿ ಜಾನ್ಸನ್ ಅವರೊಡನೆ ಮಂಡಿಸಿದ ಪ್ರಬಂಧದ ಶೀರ್ಷಿಕೆಯಲ್ಲಿ ‘ರಿಫ್ಯಾಕ್ಟರಿಂಗ್’ ಎಂಬ ಪದ ಕಾಣಿಸಿಕೊಂಡಿತು; 1992ರ ಡಾಕ್ಟರೇಟ್ ಪ್ರಬಂಧ ಅದಕ್ಕೆ ಶಾಸ್ತ್ರೀಯ ರೂಪವಿತ್ತಿತು. ಇದೇ ಅವಧಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಗ್ರಿಸ್‌ವೋಲ್ಡ್, ಡೇವಿಡ್ ನೋಟ್ಕಿನ್ ಅವರ ಮಾರ್ಗದರ್ಶನದಲ್ಲಿ ಸ್ಕೀಮ್ ಭಾಷೆಯ ಕ್ರಮವಿಧಿಗಳನ್ನು ಕುರಿತು ಹೋಲುವಂಥ ಕೆಲಸ ಮಾಡಿ 1991ರಲ್ಲಿ ಪ್ರಬಂಧ ಸಲ್ಲಿಸಿದ್ದರು. ಹೆಸರು ಇಲಿನಾಯ್‌ನದು ನಿಂತಿತು. ಗ್ರಿಸ್‌ವೋಲ್ಡ್ ಅವರ ಕೊಡುಗೆಗೆ ಸಲ್ಲಬೇಕಾದಷ್ಟು ಮನ್ನಣೆ ಅನಂತರದ ಕೈಪಿಡಿಗಳಲ್ಲಿ ಸಂದಿಲ್ಲವೆಂದೇ ಹೇಳಬೇಕು.

ಆಪ್‌ಡೈಕ್ ಪ್ರಬಂಧದ ಮುಖ್ಯ ವಿಚಾರ ಪೂರ್ವಶರತ್ತು. ಪ್ರತಿಯೊಂದು ಮಾರ್ಪಾಟಿಗೂ ಮುನ್ನ ಕೆಲವು ಸಂಗತಿಗಳು ನಿಜವಾಗಿರಬೇಕು; ಅವು ನಿಜವಾಗಿದ್ದರೆ ಮಾರ್ಪಾಟಿನ ಅನಂತರವೂ ಕ್ರಮವಿಧಿ ಅದೇ ಆದಾನಕ್ಕೆ ಅದೇ ಪ್ರದಾನವನ್ನು ಕೊಡುತ್ತದೆ. ವರ್ಗವೊಂದರ ಸದಸ್ಯ ಚರಕ್ಕೆ ಹೊಸ ಹೆಸರಿಡುವಾಗ ಆ ಹೆಸರು ಅದೇ ವರ್ಗದಲ್ಲಿಯಾಗಲಿ ಅದರ ವಂಶದಲ್ಲಿಯಾಗಲಿ ಮೊದಲೇ ಬಳಕೆಯಲ್ಲಿರಕೂಡದು ಎಂಬುದು ಇಂತಹ ಶರತ್ತಿಗೆ ಸರಳ ದೃಷ್ಟಾಂತ. ಈ ಶರತ್ತುಗಳ ಹಿಂದೆ ಏಳು ಲಕ್ಷಣಗಳ ಒಂದು ಪಟ್ಟಿಯಿದೆ. ಅದರ ಬಹುಭಾಗಕ್ಕೆ ಪ್ರೇರಣೆ ದೊರೆತದ್ದು ಕ್ರಮವಿಧಿಗಳ ಅಧ್ಯಯನದಿಂದಲ್ಲ, ದತ್ತಸಂಚಯಗಳ ಅಧ್ಯಯನದಿಂದ.

ಈ ಸಂಗತಿ ಹೆಚ್ಚಿನ ವಿವರಣೆಯನ್ನು ಬೇಡುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿದ್ದ ಎಂಸಿಸಿ ಎಂಬ ಸಹಕಾರಿ ಸಂಶೋಧನ ಸಂಸ್ಥೆಯಲ್ಲಿ ಜಯ್ ಬ್ಯಾನರ್ಜಿ, ವೊನ್ ಕಿಮ್ ಮತ್ತು ಸಂಗಡಿಗರು ಓರಿಯನ್ ಎಂಬ ವಸ್ತುಕೇಂದ್ರಿತ ದತ್ತಸಂಚಯವನ್ನು ಕಟ್ಟುತ್ತಿದ್ದರು. ದತ್ತಸಂಚಯದಲ್ಲಿ ವರ್ಗದ ವಿನ್ಯಾಸ ಬದಲಾದರೆ ಹಳೆಯ ವಿನ್ಯಾಸದಂತೆ ಈಗಾಗಲೇ ತಟ್ಟೆಯ ಮೇಲೆ ಬರೆದಿಟ್ಟ ಸಹಸ್ರಾರು ವಸ್ತುಗಳ ಗತಿಯೇನು? 1987ರ ಅವರ ಲೇಖನ ಯಾವ ಯಾವ ಬದಲಾವಣೆಗಳು ಸಾಧ್ಯ, ಬದಲಾವಣೆಯ ಹಿಂದೆ ಮುಂದೆ ಯಾವ ನಿಯಮಗಳು ಮುರಿಯಕೂಡದು ಎಂಬುದನ್ನು ವರ್ಗೀಕರಿಸಿತು. ಹಳೆಯ ವಸ್ತುಗಳನ್ನೆಲ್ಲ ಒಮ್ಮೆಗೇ ಪರಿವರ್ತಿಸದೆ, ಅಗತ್ಯ ಬಿದ್ದು ಓದಿದಾಗ ಹೊಸ ವಿನ್ಯಾಸಕ್ಕೆ ಹೊಂದಿಸಿ ಕೊಡುವ ಕ್ರಮವನ್ನು ಓರಿಯನ್ ಅನುಸರಿಸಿತು. ಜೆಮ್‌ಸ್ಟೋನ್ ಎಂಬ ಇನ್ನೊಂದು ದತ್ತಸಂಚಯದವರು ತತ್‌ಕ್ಷಣದ ಪರಿವರ್ತನೆಯನ್ನೇ ಆರಿಸಿಕೊಂಡರು. ಆಪ್‌ಡೈಕ್ ಇಲ್ಲಿಂದ ನಿಯಮಗಳನ್ನು ತೆಗೆದುಕೊಂಡು ಕ್ರಮವಿಧಿಗೆ ಅನ್ವಯಿಸಿದರು. ಬರೆದಿಟ್ಟ ವಸ್ತುಗಳ ಸಮಸ್ಯೆ ಮಾತ್ರ ಹಿಂದೆ ಉಳಿಯಿತು. ಮುಂದಿನ ಸುಮಾರು ಹದಿನೈದು ವರ್ಷಗಳ ಪುನಾರಚನಾ ಸಾಹಿತ್ಯ ಸ್ಮೃತಿಯಲ್ಲಿ ಹುಟ್ಟಿ ಸ್ಮೃತಿಯಲ್ಲಿಯೇ ಅಳಿಯುವ ವಸ್ತುಗಳ ಬಗ್ಗೆ ಮಾತ್ರ ಧಾರಾಳವಾಗಿ ಮಾತನಾಡಿದ್ದಕ್ಕೆ ಈ ಆಯ್ಕೆಯೂ ಒಂದು ಕಾರಣವಿರಬೇಕು.

ಜಾನ್ಸನ್ ಅವರ ಬಳಿಯೇ ಕೆಲಸ ಮಾಡಿದ ಡಾನ್ ರಾಬರ್ಟ್ಸ್ ಮತ್ತು ಜಾನ್ ಬ್ರ್ಯಾಂಟ್ ಸ್ಮಾಲ್‌ಟಾಕ್‌ಗಾಗಿ ರಿಫ್ಯಾಕ್ಟರಿಂಗ್ ಬ್ರೌಸರ್ ಎಂಬ ಸಾಧನವನ್ನು ನಿರ್ಮಿಸಿದರು. ಮೊದಲಿಗೆ ಅದು ಪ್ರತ್ಯೇಕ ಸಾಧನವಾಗಿತ್ತು. ನಿರ್ಮಿಸಿದವರೇ ಅದನ್ನು ಬಳಸುವುದು ಅಪರೂಪವಾಗಿತ್ತೆಂದು ಅವರೇ ದಾಖಲಿಸಿದ್ದಾರೆ. ಕ್ರಮವಿಧಿಯನ್ನು ಬರೆಯುವ ಕಿಟಕಿಯೊಳಗೇ ಅದನ್ನು ಸೇರಿಸಿದ ಮೇಲೆ ಬಳಕೆ ಕುದುರಿತು. ಸ್ಮಾಲ್‌ಟಾಕ್‌ನಲ್ಲಿ ಚರಗಳಿಗೆ ಪ್ರಕಾರ ಘೋಷಣೆಯಿಲ್ಲದ ಕಾರಣ, ಒಂದು ವಿಧಾನದ ಹೆಸರನ್ನು ಬದಲಿಸುವಾಗ ಅದನ್ನು ಕರೆಯುವವರು ಯಾರೆಂದು ಪಠ್ಯದಿಂದಷ್ಟೇ ನಿಶ್ಚಯಿಸಲಾಗದು. ರಾಬರ್ಟ್ಸ್ ತಮ್ಮ 1999ರ ಪ್ರಬಂಧದಲ್ಲಿ ಕ್ರಮವಿಧಿ ನಡೆಯುತ್ತಿರುವಾಗ ಕರೆಗಳನ್ನು ಗಮನಿಸಿ ಆಯಾ ಸ್ಥಳವನ್ನು ತಿದ್ದುವ ಉಪಾಯವನ್ನು ವಿವರಿಸಿದರು. ನಡೆಸಿ ನೋಡಿದ ದಾರಿಗಳ ಮಟ್ಟಿಗೆ ಮಾತ್ರ ಇದು ಸರಿ. ಸಾಧನೆಯಿಂದ ಪರೀಕ್ಷೆಯ ಕಡೆಗೆ ವಾಲಿದ ಮೊದಲ ಸ್ಪಷ್ಟ ಹೆಜ್ಜೆ ಇದು.

ಸಾಲ, ಬಡ್ಡಿ ಮತ್ತು ಪರೀಕ್ಷೆ

ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ವೈಕ್ಯಾಶ್ ಎಂಬ ಹೂಡಿಕೆ ನಿರ್ವಹಣಾ ತಂತ್ರಾಂಶದ ಅನುಭವವನ್ನು ವರದಿ ಮಾಡುತ್ತ, ಅರೆತಿಳಿವಳಿಕೆಯಲ್ಲಿ ಬರೆದ ಕ್ರಮವಿಧಿಯನ್ನು ಸಾಲಕ್ಕೆ ಹೋಲಿಸಿದರು. ಬೇಗ ತೀರಿಸಿದರೆ ಸಾಲ ಉಪಕಾರಿ. ತೀರಿಸದಿದ್ದರೆ ಬಡ್ಡಿಯೇ ದುಡಿಮೆಯನ್ನೆಲ್ಲ ನುಂಗುತ್ತದೆ. ಹಣಕಾಸಿನ ತಂತ್ರಾಂಶದಿಂದ ಹುಟ್ಟಿದ ಈ ರೂಪಕ ಯಜಮಾನರಿಗೆ ಅರ್ಥವಾಗುವ ಭಾಷೆಯಲ್ಲಿತ್ತು. ಲೇಮನ್ ಅವರ ನಿಯಮಗಳಿಗಿಂತ ಇದು ಹೆಚ್ಚು ಪ್ರಚಾರ ಪಡೆದದ್ದು ಆಶ್ಚರ್ಯವೇನಲ್ಲ.

ಕನಿಂಗ್‌ಹ್ಯಾಮ್ ಅವರ ಸಹವರ್ತಿ ಕೆಂಟ್ ಬೆಕ್ 1996ರಲ್ಲಿ ಕ್ರೈಸ್ಲರ್ ವಾಹನ ಸಂಸ್ಥೆಯ ವೇತನ ವ್ಯವಸ್ಥೆಯ ಯೋಜನೆಯ ಹೊಣೆ ಹೊತ್ತರು. ಸಿ3 ಎಂದು ಹೆಸರಾದ ಈ ಯೋಜನೆಯಲ್ಲಿ ಸ್ಮಾಲ್‌ಟಾಕ್ ಮತ್ತು ಜೆಮ್‌ಸ್ಟೋನ್ ಬಳಕೆಯಾದವು. ಪ್ರತಿ ಸಣ್ಣ ಬದಲಾವಣೆಯ ಬೆನ್ನಿಗೇ ಸ್ವಯಂಚಾಲಿತ ಪರೀಕ್ಷೆಗಳನ್ನು ನಡೆಸುವುದು, ಪರೀಕ್ಷೆ ಸಫಲವಾದರೆ ಮಾತ್ರ ಮುಂದುವರಿಯುವುದು ಅಲ್ಲಿನ ಶಿಸ್ತು. 1997ರಲ್ಲಿ ಅದು ಸುಮಾರು 10,000 ಉದ್ಯೋಗಿಗಳ ಸಂಬಳವನ್ನು ಲೆಕ್ಕಹಾಕತೊಡಗಿತು. ಎಲ್ಲ ಉದ್ಯೋಗಿಗಳಿಗೆ ವಿಸ್ತರಿಸುವ ಮುನ್ನವೇ 2000ದಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಯಶಸ್ಸೆಂದೋ ವೈಫಲ್ಯವೆಂದೋ ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದ ಈ ಯೋಜನೆಯಿಂದ ಹೊರಬಿದ್ದ ಅಭ್ಯಾಸಗಳು ಮಾತ್ರ ಜಗತ್ತಿನಾದ್ಯಂತ ಹಬ್ಬಿದವು.

ಆ ಯೋಜನೆಗೆ ಸಲಹೆಗಾರರಾಗಿದ್ದ ಮಾರ್ಟಿನ್ ಫೌಲರ್ 1999ರಲ್ಲಿ ಪ್ರಕಟಿಸಿದ ‘ರಿಫ್ಯಾಕ್ಟರಿಂಗ್’ ಗ್ರಂಥ ಈ ಕ್ಷೇತ್ರದ ಆಕರಗ್ರಂಥವೆನಿಸಿತು. ಬೆಕ್, ಬ್ರ್ಯಾಂಟ್, ಆಪ್‌ಡೈಕ್, ರಾಬರ್ಟ್ಸ್ ಇವರ ಬರಹಗಳೂ ಅದರಲ್ಲಿ ಸೇರಿವೆ. 70ಕ್ಕೂ ಹೆಚ್ಚು ಮಾರ್ಪಾಟುಗಳನ್ನು ಹೆಸರು, ಪ್ರೇರಣೆ, ಹಂತಗಳು, ಉದಾಹರಣೆ ಎಂಬ ಕ್ರಮದಲ್ಲಿ ಜಾವಾ ಭಾಷೆಯ ಮೂಲಕ ಅಲ್ಲಿ ನೀಡಲಾಗಿದೆ. 2018ರ ಎರಡನೆಯ ಆವೃತ್ತಿ ಉದಾಹರಣೆಗಳಿಗೆ ಜಾವಾಸ್ಕ್ರಿಪ್ಟನ್ನು ಆಯ್ದುಕೊಂಡಿತು. ದತ್ತಾಂಶವನ್ನು ಒಪ್ಪಗೊಳಿಸುವುದಕ್ಕೇ ಮೀಸಲಾದ ಅಧ್ಯಾಯ ಈ ಪ್ರಬಂಧದ ದೃಷ್ಟಿಯಿಂದ ಮುಖ್ಯವಾದುದು. ಅಲ್ಲಿನ ಒಂದು ಉದಾಹರಣೆಯಲ್ಲಿ ವ್ಯಕ್ತಿಯ ರಕ್ತದ ಗುಂಪನ್ನು ಪೂರ್ಣಾಂಕ ಸಂಕೇತವಾಗಿ ಇಡಲಾಗಿದೆ. ಗಣಕದ ಪಾಲಿಗೆ ಅದು ಬರಿಯ ಸಂಖ್ಯೆ. ಯಾವ ಗುಂಪನ್ನೂ ಸೂಚಿಸದ 17 ಎಂಬ ಬೆಲೆ ಅಲ್ಲಿ ಬಂದು ಕುಳಿತರೂ, ಎರಡು ರಕ್ತದ ಗುಂಪುಗಳನ್ನು ಯಾರಾದರೂ ಕೂಡಿಸಿದರೂ ಭಾಷಾನುವಾದಕ ತಡೆಯದು. ರಕ್ತದ ಗುಂಪನ್ನೇ ಒಂದು ವರ್ಗವಾಗಿಸಿದರೆ ಈ ಅಪಾಯ ನೀಗುತ್ತದೆ. ಮಾಡುವ ಬಗೆ ಮುಖ್ಯ: ಹೊಸ ವರ್ಗವನ್ನು ಹಳೆಯ ಸಂಖ್ಯೆಯ ಪಕ್ಕದಲ್ಲಿಯೇ ನಿಲ್ಲಿಸಬೇಕು, ಹಳೆಯ ವಿಧಾನಗಳು ಹೊಸದರ ಮೂಲಕವೇ ಉತ್ತರ ಕೊಡುವಂತೆ ಮಾಡಬೇಕು, ಬಳಸುವವರನ್ನು ಒಬ್ಬೊಬ್ಬರನ್ನಾಗಿ ಹೊಸ ದಾರಿಗೆ ತರಬೇಕು, ಹಳೆಯದನ್ನು ಕರೆಯುವವರು ಯಾರೂ ಇಲ್ಲವೆಂದು ಖಚಿತವಾದ ಮೇಲೆ ಅದನ್ನು ತೆಗೆಯಬೇಕು. ಪ್ರತಿ ಹಂತದ ನಡುವೆಯೂ ಪರೀಕ್ಷೆ.

ಹೋರ್ ಅವರ ಸಾಧನೆಯನ್ನೂ ಫೌಲರ್ ಅವರ ಹಂತಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾಡುವ ಕೆಲಸ ಒಂದೇ ಎಂಬುದು ತಿಳಿಯುತ್ತದೆ. ಹಳೆಯ ವಿಧಾನ ಹೊಸ ವರ್ಗದ ಮೂಲಕ ಉತ್ತರಿಸುವ ನಡುವಣ ಹಂತವೇ ಮೂರ್ತದಿಂದ ಅಮೂರ್ತಕ್ಕೆ ಒಯ್ಯುವ ಉತ್ಪನ್ನ. ಆದರೂ ಎರಡು ಪರಂಪರೆಗಳು ಪರಸ್ಪರ ಮಾತನಾಡಿದ್ದು ಕಡಿಮೆ. ಸಾಧನೆಯವರು ಪರೀಕ್ಷೆಯನ್ನು ಅಪೂರ್ಣವೆಂದರು, ಪರೀಕ್ಷೆಯವರು ಸಾಧನೆಯನ್ನು ಅವ್ಯಾವಹಾರಿಕವೆಂದರು. ಇಬ್ಬರ ಮಾತೂ ನಿಜವಾಗಿದ್ದುದೇ ತೊಡಕು.

2001ರಲ್ಲಿ ಹೊರಬಂದ ಇಂಟೆಲಿಜೆ ಐಡಿಯಾ ಮತ್ತು ಎಕ್ಲಿಪ್ಸ್ ಪರಿಸರಗಳು ಪುನಾರಚನೆಯನ್ನು ಪಟ್ಟಿಯಿಂದ ಆರಿಸಬಹುದಾದ ಆಜ್ಞೆಯನ್ನಾಗಿಸಿದವು. ಸಾಧನವೇ ಪೂರ್ವಶರತ್ತನ್ನು ನೋಡಿಕೊಳ್ಳುವುದರಿಂದ ವರ್ತನೆ ಕೆಡದು ಎಂಬ ನಂಬಿಕೆ ಬೆಳೆಯಿತು. ಈ ನಂಬಿಕೆಯನ್ನು ಒರೆಗೆ ಹಚ್ಚಿದವರೂ ಇಲಿನಾಯ್‌ನವರೇ. 2007ರಲ್ಲಿ ಬ್ರೆಟ್ ಡೇನಿಯಲ್, ಡ್ಯಾನಿ ಡಿಗ್, ಡಾರ್ಕೊ ಮಾರಿನೋವ್ ಮತ್ತಿತರರು ಸಾವಿರಾರು ಸಣ್ಣ ಕ್ರಮವಿಧಿಗಳನ್ನು ಯಾಂತ್ರಿಕವಾಗಿ ಸೃಷ್ಟಿಸಿ ಈ ಸಾಧನಗಳಿಗೆ ಉಣಿಸಿದಾಗ ಎಕ್ಲಿಪ್ಸ್‌ನಲ್ಲಿ 21, ನೆಟ್‌ಬೀನ್ಸ್‌ನಲ್ಲಿ 24 ಹೊಸ ದೋಷಗಳು ಹೊರಬಿದ್ದವು. ಡಿಗ್ ಮತ್ತು ಜಾನ್ಸನ್ 2005ರಲ್ಲಿಯೇ ಇನ್ನೊಂದು ಕಸಿವಿಸಿಯ ಸಂಗತಿಯನ್ನು ತೋರಿಸಿದ್ದರು: ತಾವು ಪರಿಶೀಲಿಸಿದ ತಂತ್ರಾಂಶ ಭಂಡಾರಗಳಲ್ಲಿ ಬಳಕೆದಾರರ ಕ್ರಮವಿಧಿಯನ್ನು ಮುರಿದ ಬದಲಾವಣೆಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವು ಪುನಾರಚನೆಗಳೇ ಆಗಿದ್ದವು. ಭಂಡಾರದ ಒಳಗಿನವರಿಗೆ ವರ್ತನೆ ಬದಲಾಗಿರಲಿಲ್ಲ. ಹೊರಗಿನವರಿಗೆ ಬಾಗಿಲೇ ಬೇರೆ ಕಡೆಗೆ ಹೋಗಿತ್ತು.

ಒಂದು ವರ್ಗದ ಮೂರು ಜನ್ಮಗಳು

ನಿರೂಪಣೆಯ ಬದಲಾವಣೆ ಏನನ್ನು ಉಳಿಸುತ್ತದೆ, ಏನನ್ನು ಕೆಡಿಸುತ್ತದೆ ಎಂಬುದನ್ನು ಅರಿಯಲು ಜಾವಾ ಭಾಷೆಯ ಸ್ಟ್ರಿಂಗ್ ವರ್ಗಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಪಠ್ಯವನ್ನು ಹಿಡಿದಿಡುವ ಈ ವರ್ಗವನ್ನು ಬಳಸದ ಜಾವಾ ಕ್ರಮವಿಧಿ ಇಲ್ಲವೆನ್ನಬಹುದು. 1996ರ ಮೊದಲ ಆವೃತ್ತಿಯಲ್ಲಿ ಅದರೊಳಗೆ 16 ಬಿಟ್‌ಗಳ ಅಕ್ಷರಗಳ ಒಂದು ಸರಣಿ, ಆರಂಭಸ್ಥಾನ ಮತ್ತು ಉದ್ದವನ್ನು ಸೂಚಿಸುವ ಎರಡು ಸಂಖ್ಯೆಗಳು ಇದ್ದವು. ದೊಡ್ಡ ಪಠ್ಯದಿಂದ ಒಂದು ತುಣುಕನ್ನು ಕೇಳಿದರೆ ಅಕ್ಷರಗಳನ್ನು ನಕಲು ಮಾಡದೆ ಅದೇ ಸರಣಿಯನ್ನು ಹಂಚಿಕೊಂಡು ಬೇರೆ ಆರಂಭಸ್ಥಾನವನ್ನು ಗುರುತಿಸಿಕೊಳ್ಳುವ ಜಾಣತನ ಅದಕ್ಕಿತ್ತು. ಇದರಿಂದ ಒಂದು ಕೇಡೂ ಇತ್ತು: ಹತ್ತು ಅಕ್ಷರಗಳ ತುಣುಕೊಂದು ಬದುಕಿರುವವರೆಗೆ ಹತ್ತು ಲಕ್ಷ ಅಕ್ಷರಗಳ ಮೂಲವೂ ಸ್ಮೃತಿಯಲ್ಲಿ ಸಿಲುಕಿರುತ್ತಿತ್ತು. 2012ರಲ್ಲಿ, ಜಾವಾ 7ರ ಆರನೆಯ ಪರಿಷ್ಕರಣದಲ್ಲಿ, ಆ ಎರಡು ಸಂಖ್ಯೆಗಳನ್ನು ತೆಗೆದು ತುಣುಕಿಗೆ ಸ್ವಂತ ನಕಲು ಕೊಡಲಾಯಿತು. ಉತ್ತರಗಳು ಮೊದಲಿನವೇ. ಆದರೆ ತುಣುಕಿನ ಉದ್ದವೆಷ್ಟೇ ಇದ್ದರೂ ಸ್ಥಿರ ಕಾಲದಲ್ಲಿ ಮುಗಿಯುತ್ತಿದ್ದ ಕ್ರಿಯೆ ಈಗ ಉದ್ದಕ್ಕೆ ಅನುಗುಣವಾದ ಕಾಲವನ್ನು ಬೇಡತೊಡಗಿತು. ಹಂಚಿಕೆಯನ್ನು ನೆಚ್ಚಿ ಬರೆದಿದ್ದ ಪಠ್ಯವಿಶ್ಲೇಷಕ ಕ್ರಮವಿಧಿಗಳು ನಿಧಾನವಾದವು, ಆಕ್ಷೇಪಗಳು ಕೇಳಿಬಂದವು. ಹೋರ್ ಅವರ ಒರೆಯಲ್ಲಿ ನಿರ್ದೋಷವಾದ ಈ ಬದಲಾವಣೆ ಬಳಕೆದಾರನ ಒರೆಯಲ್ಲಿ ವರ್ತನೆಯ ಬದಲಾವಣೆಯೇ ಆಗಿತ್ತು.

ಮೂರನೆಯ ಜನ್ಮ 2017ರ ಜಾವಾ 9ರದು. ಬಹುತೇಕ ಪಠ್ಯಗಳು ಲ್ಯಾಟಿನ್ ಅಕ್ಷರಗಳವೇ ಆಗಿರುವಾಗ ಪ್ರತಿ ಅಕ್ಷರಕ್ಕೂ ಎರಡು ಬೈಟ್ ವ್ಯಯಿಸುವುದು ದುಂದು ಎಂದು ಭಾವಿಸಿ, ಒಳಗಿನ ಸರಣಿಯನ್ನು ಬೈಟ್‌ಗಳ ಸರಣಿಯಾಗಿಸಲಾಯಿತು. ಅಕ್ಷರಕ್ಕೆ ಒಂದು ಬೈಟೋ ಎರಡೋ ಎಂದು ಹೇಳುವ ಗುರುತೊಂದನ್ನು ಜೊತೆಗಿಡಲಾಯಿತು. ಇಂಗ್ಲಿಷಿನಲ್ಲಿ ಬರೆದ ಆರಕ್ಷರದ ‘ಮೈಸೂರ್’ ಮೊದಲು 12 ಬೈಟ್ ಹಿಡಿಯುತ್ತಿದ್ದುದು ಈಗ 6 ಬೈಟ್ ಹಿಡಿಯುತ್ತದೆ. ಕನ್ನಡದಲ್ಲಿ ಬರೆದ ‘ಕನ್ನಡ’ ಪದಕ್ಕೆ ಯೂನಿಕೋಡ್‌ನಲ್ಲಿ ಐದು ಸಂಕೇತಗಳು. ಅಂದೂ 10 ಬೈಟ್, ಇಂದೂ 10 ಬೈಟ್. ಉದ್ದವಾದ ಇಂಗ್ಲಿಷ್ ಪಠ್ಯದ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಆ ಇಡೀ ಪಠ್ಯ ಎರಡು ಬೈಟ್‌ಗಳ ರೂಪಕ್ಕೆ ತಿರುಗುತ್ತದೆ. ಇಷ್ಟಾಗಿಯೂ ಕೋಟ್ಯಂತರ ಸಾಲುಗಳ ಜಾವಾ ಕ್ರಮವಿಧಿಗಳಲ್ಲಿ ಇದಕ್ಕಾಗಿ ಯಾರೂ ಒಂದಕ್ಷರ ತಿದ್ದಬೇಕಾಗಲಿಲ್ಲ. ಪಾರ್ನಾಸ್ ಹೇಳಿದ ಗುಟ್ಟನ್ನು ಕಾದುಕೊಂಡುದರ ಫಲವಿದು.

ಕಾದುಕೊಳ್ಳಲಾಗದ ಗುಟ್ಟೂ ಒಂದಿತ್ತು. ಜಾವಾ ರೂಪುಗೊಂಡ ಕಾಲಕ್ಕೆ ಯೂನಿಕೋಡ್ 16 ಬಿಟ್‌ಗಳೊಳಗೆ ಮುಗಿಯುತ್ತದೆ ಎಂಬ ನಿರೀಕ್ಷೆಯಿತ್ತು. ಆದ್ದರಿಂದ ಪಠ್ಯದ ಉದ್ದವನ್ನೂ ಅಕ್ಷರದ ಸ್ಥಾನವನ್ನೂ 16 ಬಿಟ್‌ಗಳ ಘಟಕದಲ್ಲಿಯೇ ಎಣಿಸಿ ಹೇಳುವ ವಿಧಾನಗಳು ಬಹಿರಂಗವಾಗಿ ಸೇರಿಕೊಂಡವು. ಯೂನಿಕೋಡ್ ಆ ಎಲ್ಲೆಯನ್ನು ದಾಟಿದಾಗ ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ. 2004ರ ಜಾವಾ 5ರಲ್ಲಿ ಪೂರ್ಣ ಸಂಕೇತಗಳನ್ನು ಎಣಿಸುವ ಹೊಸ ವಿಧಾನಗಳನ್ನು ಹಳೆಯವುಗಳ ಪಕ್ಕದಲ್ಲಿ ಸೇರಿಸಿದ್ದಷ್ಟೇ ಸಾಧ್ಯವಾಯಿತು. ಕನ್ನಡ ಲಿಪಿ ಮೊದಲ 16 ಬಿಟ್‌ಗಳೊಳಗೆ ಇರುವುದರಿಂದ ಅದಕ್ಕೆ ಈ ತೊಡಕಿಲ್ಲ. 2024ರ ಯೂನಿಕೋಡ್ 16.0 ಆವೃತ್ತಿಯಲ್ಲಿ ಸ್ಥಾನ ಪಡೆದ ತುಳು-ತಿಗಳಾರಿ ಲಿಪಿ ಆ ಎಲ್ಲೆಯ ಆಚೆಗಿದೆ. ಕರಾವಳಿಯ ಮತ್ತು ಮಲೆನಾಡಿನ ತಾಳೆಗರಿಗಳ ಆ ಲಿಪಿಯ ಒಂದು ಅಕ್ಷರದ ಉದ್ದವೆಷ್ಟು ಎಂದು ಕೇಳಿದರೆ ಜಾವಾದ ಹಳೆಯ ವಿಧಾನ ಎರಡು ಎಂದೇ ಉತ್ತರಿಸುತ್ತದೆ. ಒಳಗಿನ ನಿರೂಪಣೆ ಒಮ್ಮೆ ಹೊರಗಿನ ಮಾತಾಯಿತೆಂದರೆ ಅದೇ ವರ್ತನೆಯಾಗಿಬಿಡುತ್ತದೆ. ಸಾಕಷ್ಟು ಬಳಕೆದಾರರಿದ್ದರೆ ಒಪ್ಪಂದದಲ್ಲಿ ಏನೇ ಬರೆದಿರಲಿ, ಕಣ್ಣಿಗೆ ಬೀಳುವ ಪ್ರತಿ ಲಕ್ಷಣವನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ ಎಂಬುದು ಗೂಗಲ್ ಸಂಸ್ಥೆಯ ಅನುಭವದಿಂದ ಹೊಮ್ಮಿ ಹೈರಮ್ ರೈಟ್ ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸೂತ್ರ. ಜಾವಾ 7 ಬಂದಾಗ ವರ್ಗದ ವಿಧಾನಗಳನ್ನು ಪಟ್ಟಿಮಾಡುವ ಅನುಕ್ರಮ ಬದಲಾಗಿ, ಆ ಅನುಕ್ರಮವನ್ನು ಅರಿಯದೆಯೇ ನೆಚ್ಚಿದ್ದ ಪರೀಕ್ಷೆಗಳು ಸೋತದ್ದು ಇದಕ್ಕೆ ಸಾಕ್ಷಿ. ಆ ಅನುಕ್ರಮ ಇಂಥದೇ ಎಂದು ಭಾಷೆಯ ದಾಖಲೆಗಳು ಎಂದೂ ಮಾತು ಕೊಟ್ಟಿರಲಿಲ್ಲ.

ಬರೆದಿಟ್ಟ ದತ್ತಾಂಶ

ಓರಿಯನ್‌ನವರು ಎತ್ತಿದ ಪ್ರಶ್ನೆ, ಅಂದರೆ ತಟ್ಟೆಯ ಮೇಲಿನ ವಸ್ತುಗಳ ಗತಿ, ಪುನಾರಚನಾ ಸಾಹಿತ್ಯಕ್ಕೆ ಮರಳಿದ್ದು ತಡವಾಗಿ. ವಸ್ತುವನ್ನು ಕಡತಕ್ಕೆ ಬರೆಯುವ ಜಾವಾದ ಸೌಲಭ್ಯದಲ್ಲಿ, ಕ್ರಮವಿಧಿಕಾರ ಬೇರೆ ಏರ್ಪಾಟು ಮಾಡದಿದ್ದರೆ, ವರ್ಗದ ರಚನೆಯಿಂದಲೇ ಒಂದು ಗುರುತುಸಂಖ್ಯೆ ಲೆಕ್ಕವಾಗುತ್ತದೆ. ವಿಧಾನವೊಂದರ ಹೆಸರು ಬದಲಿಸಿದರೂ ಸಂಖ್ಯೆ ಬೇರೆಯಾಗಿ ನಿನ್ನೆ ಬರೆದ ಕಡತವನ್ನು ಇಂದು ಓದಲಾಗುವುದಿಲ್ಲ. ಸ್ಮೃತಿಯಲ್ಲಿ ನಡೆಯುವ ಎಲ್ಲ ಪರೀಕ್ಷೆಗಳೂ ಸಫಲವಾಗಿರುವಾಗಲೇ ಇದು ಸಂಭವಿಸಬಲ್ಲದು. 2006ರಲ್ಲಿ ಸ್ಕಾಟ್ ಆಂಬ್ಲರ್ ಮತ್ತು ಪ್ರಮೋದ್ ಸಡಾಲಗೆ ದತ್ತಸಂಚಯಗಳ ಪುನಾರಚನೆಯನ್ನು ಕುರಿತು ಬರೆದ ಗ್ರಂಥ ವರ್ತನೆಯ ಜೊತೆಗೆ ಮಾಹಿತಿಯ ಅರ್ಥವೂ ಉಳಿಯಬೇಕೆಂಬ ಎರಡನೆಯ ಕಟ್ಟಳೆಯನ್ನು ಸೇರಿಸಿತು. ಹಲವು ತಂತ್ರಾಂಶಗಳು ಒಂದೇ ಕೋಷ್ಟಕವನ್ನು ಬಳಸುತ್ತಿರುವಾಗ ಹಳೆಯ ಕಂಬಸಾಲನ್ನೂ ಹೊಸ ಕಂಬಸಾಲನ್ನೂ ನಿಗದಿತ ಅವಧಿಯವರೆಗೆ ಜೊತೆಜೊತೆಗೆ ಉಳಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವ ಸಂಕ್ರಮಣ ಕಾಲದ ಏರ್ಪಾಟು ಅವರ ವಿಧಾನದ ಜೀವಾಳ.

ಇದಕ್ಕೂ ಮೊದಲು, ಯಾವ ಗ್ರಂಥದ ನೆರವಿಲ್ಲದೆ, ಜಗತ್ತು ಒಂದು ಬೃಹತ್ ನಿರೂಪಣಾ ಪರಿವರ್ತನೆಯನ್ನು ನಡೆಸಿತ್ತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಇರಿಸಿದ್ದ ಹಳೆಯ ಕೋಬಾಲ್ ವ್ಯವಸ್ಥೆಗಳನ್ನು 2000ದ ಹೊತ್ತಿಗೆ ಸಜ್ಜುಗೊಳಿಸುವ ಆ ಕೆಲಸ ಬೆಂಗಳೂರಿನದೂ ಸೇರಿ ಭಾರತದ ಅನೇಕ ಸಂಸ್ಥೆಗಳಿಗೆ ವಿದೇಶಿ ಗ್ರಾಹಕರ ಬಾಗಿಲನ್ನು ತೆರೆಯಿತು. ಕ್ಷೇತ್ರವನ್ನು ನಾಲ್ಕು ಅಂಕಿಗಳಿಗೆ ಹಿಗ್ಗಿಸುವುದು ಒಂದು ಮಾರ್ಗ. ನಿರೂಪಣೆಯನ್ನು ಮುಟ್ಟದೆ, ಒಂದು ಗಡಿಸಂಖ್ಯೆಗಿಂತ ಕೆಳಗಿನದನ್ನು 2000ದ ನಂತರದ್ದೆಂದೂ ಮೇಲಿನದನ್ನು 1900ರ ನಂತರದ್ದೆಂದೂ ಅರ್ಥೈಸುವುದು ಇನ್ನೊಂದು. ಎರಡನೆಯದು ಅಗ್ಗ. ಹೋರ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಮೂರ್ತರೂಪವನ್ನು ಬದಲಿಸಿತು, ಎರಡನೆಯದು ಉತ್ಪನ್ನವನ್ನಷ್ಟೇ ಬದಲಿಸಿ ಸಮಸ್ಯೆಯನ್ನು ಮುಂದಕ್ಕೆ ತಳ್ಳಿತು.

ಕನ್ನಡದ ಸ್ವಂತ ಅನುಭವವೂ ಇದೇ ಬಗೆಯದು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಇದ್ದಿತಾದರೂ, 1990ರ ದಶಕದಲ್ಲಿಯೂ ಅನಂತರ ಬಹುಕಾಲವೂ ಕನ್ನಡ ಗ್ರಂಥಗಳ ಬೆರಳಚ್ಚು ನಡೆದದ್ದು ಹೆಚ್ಚಾಗಿ ಅಕ್ಷರಗಳ ಚಿತ್ರಖಂಡಗಳಿಗೆ ಸಂಕೇತ ಕೊಟ್ಟ ಫಾಂಟ್‌ಗಳಲ್ಲಿ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಆ ಕಡತಗಳಲ್ಲಿ ಇರುವುದು ಕಾಣುವ ಕ್ರಮ. ಯೂನಿಕೋಡ್‌ನಲ್ಲಿ ಇರುವುದು ಉಚ್ಚಾರದ ಕ್ರಮ. ‘ಅರ್ಕ’ ಎಂಬಲ್ಲಿ ಅರ್ಕಾವತ್ತಿನ ಚಿತ್ರ ಹಳೆಯ ಕಡತದಲ್ಲಿ ಕಕಾರದ ಬಳಿಕ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು, ಕಕಾರ ಅನಂತರ. ಅಕಾರಾದಿಯಾಗಿ ಜೋಡಿಸುವುದು, ಪದವನ್ನು ಹುಡುಕುವುದು ಹಳೆಯ ರೂಪದಲ್ಲಿ ಸರಿಯಾಗಿ ನಡೆಯದಿರುವುದಕ್ಕೆ ಕಾರಣ ಇದು. ಗ್ರಂಥಾಲಯಗಳೂ ವಿದ್ಯಾಸಂಸ್ಥೆಗಳೂ ತಮ್ಮ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಮಾಡುವುದು ದತ್ತಾಂಶ ನಿರೂಪಣೆಯ ಪುನಾರಚನೆಯನ್ನೇ.

ಪರಿವರ್ತಕ ತಂತ್ರಾಂಶದ ಸರಿತನವನ್ನು ಮುದ್ರಿತ ಪುಟದೊಡನೆ ಕಣ್ಣಿನಿಂದ ಹೋಲಿಸಿ ನೋಡುವುದು ರೂಢಿಯಲ್ಲಿರುವ ಪರೀಕ್ಷೆ. ‘ಸೂರ್ಯ’ ಮತ್ತು ‘ಸೂರ‍್ಯ’ ಎಂಬ ಎರಡು ಬರವಣಿಗೆಗಳನ್ನು ಗಮನಿಸಬಹುದು. ಮೊದಲನೆಯದರಲ್ಲಿ ಅರ್ಕಾವತ್ತು, ಎರಡನೆಯದರಲ್ಲಿ ರಕಾರದ ಕೆಳಗೆ ಯಕಾರದ ಒತ್ತು, ಉಚ್ಚಾರ ಒಂದೇ. ಚಿತ್ರಖಂಡಗಳ ಕಡತದಲ್ಲಿ ಇವು ಬೇರೆ ಬೇರೆ ಸಂಕೇತಗಳು. ಯೂನಿಕೋಡ್‌ನಲ್ಲಿ ಎರಡನೆಯದನ್ನು ಉಳಿಸಬೇಕಾದರೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ಸೇರಿಸಬೇಕು. ಪರಿವರ್ತಕ ಅದನ್ನು ಸೇರಿಸದಿದ್ದರೆ ಎರಡೂ ಒಂದಾಗುತ್ತವೆ. ಓದುಗನಿಗೆ ನಷ್ಟವಿಲ್ಲ, ಪದಕೋಶಕಾರನಿಗೆ ಅನುಕೂಲವೇ ಆದೀತು. ಹಸ್ತಪ್ರತಿಯ ಲಿಪಿಕಾರ ಯಾವ ರೂಪವನ್ನು ಬಳಸಿದ್ದನೆಂದು ಪಾಠಾಂತರದಲ್ಲಿ ಗುರುತಿಸಿಟ್ಟ ಸಂಪಾದಕನ ಶ್ರಮ ಮಾತ್ರ ಅಳಿಸಿಹೋಗುತ್ತದೆ, ಮತ್ತು ಪರಿವರ್ತಿತ ಕಡತವೊಂದೇ ಉಳಿದಿದ್ದರೆ ಅದು ಅಳಿಸಿತೆಂಬುದೂ ತಿಳಿಯುವುದಿಲ್ಲ.